ಸಲಾಡ್ ಸಿದ್ಧವಾಗಿರಲಿಲ್ಲ

1935ರಲ್ಲಿ ‘ಬ್ರೇನ್’ ಎಂಬ ನರವೈದ್ಯರ ಪತ್ರಿಕೆಯಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಜೋಸೆಫ್ ಇವಾನ್ಸ್ ಬರೆದ ಪ್ರಬಂಧವೊಂದಿದೆ. ಹಣೆಯ ಹಿಂದೆಯೇ ಇರುವ ಮಿದುಳಿನ ಭಾಗವನ್ನು, ಅಂದರೆ ಫ್ರಾಂಟಲ್ ಲೋಬನ್ನು, ದೊಡ್ಡ ಪ್ರಮಾಣದಲ್ಲಿ ಕತ್ತರಿಸಿ ತೆಗೆದ ಮೇಲೆ ರೋಗಿಗಳು ಹೇಗಿದ್ದರು ಅನ್ನುವುದು ಅದರ ವಿಷಯ. ಬಹುಪಾಲು ನನ್ನಂಥ ಸಾಹಿತ್ಯದ ವಿದ್ಯಾರ್ಥಿಗೆ ಒಗ್ಗುವಂಥದ್ದಲ್ಲ. ಆದರೆ ನಡುವೆ ಒಂದು ಪ್ಯಾರಾ ಬರುತ್ತದೆ. ಬಲಗಡೆಯ ಲೋಬ್ ಕಳೆದುಕೊಂಡ, ನಲವತ್ತು ದಾಟಿದ ಗೃಹಿಣಿಯೊಬ್ಬಳು ಆಪರೇಷನ್ ಆಗಿ ಹದಿನೈದು ತಿಂಗಳ ನಂತರ ಮನೆಯಲ್ಲಿ ರಾತ್ರಿಯೂಟಕ್ಕೆ ಅಡುಗೆ ಮಾಡಲು ಹೊರಟಿದ್ದಾಳೆ. ಮನೆಯವರು ನಾಲ್ಕು ಜನ, ಅತಿಥಿ ಒಬ್ಬ. ಸರಳವಾದ ಅಡುಗೆ. ತಯಾರಿಗೆ ಇಡೀ ದಿನ ಸಮಯವಿತ್ತು, ಆಕೆಗೆ ಹುರುಪೂ ಇತ್ತು. ಊಟದ ಹೊತ್ತಿಗೆ ನೋಡಿದರೆ ಆಕೆ ಇನ್ನೂ ಅಡುಗೆಮನೆಯಲ್ಲೇ ಇದ್ದಾಳೆ. ಸಾಮಾನೆಲ್ಲ ಅಲ್ಲೇ ಇದೆ. ಒಂದೆರಡು ಪದಾರ್ಥ ಒಲೆಯ ಮೇಲಿವೆ. ಸಲಾಡ್ ಸಿದ್ಧವಾಗಿಲ್ಲ, ಮಾಂಸದ ಕೆಲಸ ಶುರುವೇ ಆಗಿಲ್ಲ. ಅಷ್ಟು ಹೊತ್ತು ಒಬ್ಬಳೇ ಹೆಣಗಿ ಆಕೆ ಗಲಿಬಿಲಿಗೊಂಡಿದ್ದಾಳೆ, ಕಂಗಾಲಾಗಿದ್ದಾಳೆ. ಆಮೇಲೆ ನೆರವು ಸಿಗುತ್ತದೆ, ಅಡುಗೆ ಬೇಗ ಮುಗಿಯುತ್ತದೆ. ಊಟದ ಹೊತ್ತಿನಲ್ಲಿ ಆಕೆ ಎಲ್ಲರಂತೆ ಮಾತಾಡುತ್ತ ನಗುತ್ತ ಇರುತ್ತಾಳೆ.

ಅತಿಥಿ ಯಾರೆಂಬುದಕ್ಕೆ ಪ್ರಬಂಧ ಕೊಡುವ ಗುರುತು ಎರಡೇ ಅಕ್ಷರ: ಡಬ್ಲ್ಯು. ಪಿ. ಅಂದರೆ ವೈಲ್ಡರ್ ಪೆನ್‌ಫೀಲ್ಡ್. ಅಡುಗೆಮನೆಯಲ್ಲಿ ಕಂಗಾಲಾಗಿ ನಿಂತಿದ್ದವಳು ಅವನ ಅಕ್ಕ ರೂತ್. 1928ರಲ್ಲಿ ಮಾಂಟ್ರಿಯಲ್‌ನಲ್ಲಿ ಆಕೆಯ ತಲೆ ತೆರೆದು ಗಡ್ಡೆಯನ್ನು, ಅದರ ಜೊತೆಗೆ ಲೋಬನ್ನು, ತೆಗೆದವನು ಈ ತಮ್ಮನೇ. ಗಡ್ಡೆ ಪೂರ್ತಿ ಹೋಗಿರಲಿಲ್ಲ. 1931ರಲ್ಲಿ ಆಕೆ ತೀರಿಕೊಂಡಳು. ಈ ವಿವರಗಳನ್ನೆಲ್ಲ ಪೆನ್‌ಫೀಲ್ಡ್ ವಿಸ್ತಾರವಾಗಿ ಬರೆದದ್ದು ತನ್ನ ಆತ್ಮಕಥೆಯಲ್ಲಿ, ಬದುಕಿನ ಕೊನೆಗಾಲದಲ್ಲಿ.

ವೈದ್ಯಕೀಯ ಕಥನಗಳನ್ನು ಸಾಹಿತ್ಯ ಪಠ್ಯಗಳಂತೆ ಓದುವುದು ನನ್ನ ಪಿಎಚ್‌ಡಿಯ ಒಂದು ಅಧ್ಯಾಯ. (“ಇದು ನಮ್ಮ ವಿಭಾಗಕ್ಕೆ ಬರುತ್ತೇನಮ್ಮಾ?” ಎಂದು ಪ್ರಗತಿ ವರದಿಯ ದಿನ ಒಬ್ಬರು ಹಿರಿಯರು ಕೇಳಿದ್ದರು. ಬರುತ್ತದೆ ಅಂತಲೇ ನಾನು ಇನ್ನೂ ಅಂದುಕೊಂಡಿದ್ದೇನೆ.) ಫ್ರಾಂಟಲ್ ಲೋಬಿನ ಬಗ್ಗೆ ಬಂದ ಕಥನಗಳಲ್ಲಿ ನಾಲ್ಕು ಬಹಳ ಪ್ರಸಿದ್ಧ: ಹಾರ್ಲೋ ಬರೆದ ಗೇಜ್, ಪೆನ್‌ಫೀಲ್ಡ್ ಬರೆದ ಅಕ್ಕ, ಲೂರಿಯಾ ಬರೆದ ರೋಗಿಗಳು, ಒಲಿವರ್ ಸ್ಯಾಕ್ಸ್ ಬರೆದ ಗ್ರೆಗ್. ಇವುಗಳಲ್ಲಿ ಅತ್ಯಂತ ಚಿಕ್ಕದು ಪೆನ್‌ಫೀಲ್ಡನ ಈ ಪ್ಯಾರಾ. ಅತ್ಯಂತ ಒಳ್ಳೆಯದೂ ಅದೇ ಎಂದು ನನ್ನ ತೀರ್ಮಾನ. ಕಾರಣ ಇಷ್ಟೇ. ಉಳಿದವರು ಮನುಷ್ಯನ ಸ್ವಭಾವವನ್ನು ಬರೆಯುತ್ತಾರೆ, ಇವನು ಕೆಲಸವನ್ನು ಬರೆಯುತ್ತಾನೆ. ಒಲೆಯ ಮೇಲೆ ಏನಿತ್ತು, ಏನಿರಲಿಲ್ಲ ಎಂದು ಬರೆಯುತ್ತಾನೆ.

ಅಡುಗೆ ಅನ್ನುವ ಕೆಲಸವನ್ನು ಒಮ್ಮೆ ಬಿಡಿಸಿ ನೋಡಿ. ಅಕ್ಕಿ ತೊಳೆಯುವುದು ಗೊತ್ತಿರಬೇಕು, ಬೇಳೆ ಬೇಯಿಸುವುದು ಗೊತ್ತಿರಬೇಕು, ಒಗ್ಗರಣೆ ಗೊತ್ತಿರಬೇಕು. ಇದೆಲ್ಲ ಗೊತ್ತಿದ್ದ ಮಾತ್ರಕ್ಕೆ ಎಂಟು ಗಂಟೆಗೆ ಎಲೆ ಹಾಕಲು ಆಗುವುದಿಲ್ಲ. ಎಂಟು ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಯಾವುದು ತಡವಾಗಿ ಬೇಯುತ್ತದೋ ಅದನ್ನು ಮೊದಲು ಇಡಬೇಕು. ಅದು ಬೇಯುತ್ತಿರುವಾಗ ಇನ್ನೊಂದನ್ನು ಹೆಚ್ಚಬೇಕು, ಹೆಚ್ಚುತ್ತಿರುವಾಗ ಕುಕ್ಕರಿನ ಸೀಟಿ ಎಣಿಸಬೇಕು. ಹಾಲು ಉಕ್ಕಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು, ಓಡಿದವಳು ಮತ್ತೆ ಬಿಟ್ಟಲ್ಲಿಗೇ ವಾಪಸ್ ಬರಬೇಕು. ಸಾಮಾನು ಕಣ್ಣೆದುರಿಗಿದೆ ಎಂದು ಅದನ್ನೇ ಕೈಗೆತ್ತಿಕೊಳ್ಳದೆ ಈಗ ಬೇಕಾದ್ದನ್ನು ಮಾತ್ರ ಎತ್ತಿಕೊಳ್ಳಬೇಕು. ಮತ್ತು ಇದ್ಯಾವುದನ್ನೂ ಯಾರೂ ಹೊರಗಿನಿಂದ ಹೇಳಿಕೊಡುತ್ತಿರುವುದಿಲ್ಲ. ಈ ಹಿಂದಕ್ಕೆ ಹಾಕುವ ಲೆಕ್ಕ, ಈ ತಡೆಹಿಡಿಯುವಿಕೆ, ಈ ವಾಪಸ್ ಬರುವಿಕೆಗಳೇ ಫ್ರಾಂಟಲ್ ಲೋಬಿನ ಕೆಲಸ. ಕೈ ಆಡಿಸುವುದಕ್ಕೆ ಬೇರೆ ಜಾಗಗಳಿವೆ, ನೋಡುವುದಕ್ಕೆ, ಕೇಳುವುದಕ್ಕೆ, ನೆನಪಿಡುವುದಕ್ಕೆ ಬೇರೆ ಜಾಗಗಳಿವೆ. ಅವೆಲ್ಲವನ್ನೂ ಒಂದು ಗುರಿಯ ಸುತ್ತ ಸರದಿಯಲ್ಲಿ ನಿಲ್ಲಿಸುವುದು, ಮಾಡಿದ್ದು ಗುರಿಗೆ ಸರಿಹೊಂದಿತೋ ಇಲ್ಲವೋ ಎಂದು ನೋಡುತ್ತಿರುವುದು ಈ ಭಾಗದ ಪಾಲಿಗೆ ಬಂದಿದೆ. ರೂತ್‌ಗೆ ಸಲಾಡ್ ಮಾಡಲು ಬರುತ್ತಿತ್ತು, ಮಾಂಸ ಬೇಯಿಸಲೂ ಬರುತ್ತಿತ್ತು. ಎರಡರ ನಡುವಿನ ‘ಆಮೇಲೆ’ ಮಾತ್ರ ಹೋಗಿತ್ತು.

ಒಂದು ಆಕ್ಷೇಪಣೆಯನ್ನೂ ಇಲ್ಲೇ ಹೇಳಿಬಿಡಬೇಕು. ಗೃಹಿಣಿಯ ಮಿದುಳನ್ನು ಅಡುಗೆಮನೆಯಲ್ಲೇ ಅಳೆದನಲ್ಲ ಈ ತಮ್ಮ, ಬೇರೆಲ್ಲಾದರೂ ಅಳೆಯಬಹುದಿತ್ತಲ್ಲ? ಇದನ್ನು ಓದಿದ ನನ್ನ ಗೆಳತಿಯೊಬ್ಬಳ ಮೊದಲ ಪ್ರತಿಕ್ರಿಯೆ ಅದೇ ಆಗಿತ್ತು. ನಿಜ, ರೂತ್ ಏನು ಓದುತ್ತಿದ್ದಳು, ಯಾವುದರ ಬಗ್ಗೆ ಯೋಚಿಸುತ್ತಿದ್ದಳು ಎಂಬುದು ಈ ಪ್ಯಾರಾದಲ್ಲಿಲ್ಲ. ಆದರೂ ನನಗೆ ಇದನ್ನು ತಿರುಗಿಸಿ ಓದಬೇಕೆನಿಸುತ್ತದೆ. ಸಾವಿರಾರು ವರ್ಷ ಹೆಂಗಸರು ದಿನಕ್ಕೆ ಎರಡು ಹೊತ್ತು ಮಾಡಿದ ಕೆಲಸವನ್ನು ಯೋಚನೆ ಎಂದು ಯಾರೂ ಕರೆದಿರಲಿಲ್ಲ. ಅದನ್ನು ‘ಕೈಗುಣ’ ಅಂದರು, ‘ರೂಢಿ’ ಅಂದರು. ಮನುಷ್ಯನ ಅತ್ಯುನ್ನತ ಮಾನಸಿಕ ಶಕ್ತಿ ಯಾವುದೆಂದು ಹುಡುಕಿಕೊಂಡು ಹೊರಟ ಒಬ್ಬ ಸರ್ಜನ್ ಬಂದು ನಿಂತದ್ದು ಅಡುಗೆಮನೆಯ ಬಾಗಿಲಲ್ಲಿ. ಅವನಿಗೆ ಇದು ಹೊಳೆದಿತ್ತೋ ಇಲ್ಲವೋ, ಪಠ್ಯಕ್ಕೆ ಹೊಳೆದಿದೆ.

ಈ ‘ಆಮೇಲೆ’ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ನನಗೆ ಮನಸ್ಸಿಗೆ ಹತ್ತಿದ ಉತ್ತರ ಕೊಟ್ಟವನು ಸೋವಿಯತ್ ರಷ್ಯಾದ ಅಲೆಕ್ಸಾಂಡರ್ ಲೂರಿಯಾ. ಎರಡನೆಯ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸೈನಿಕರನ್ನು ನೋಡುತ್ತಲೇ ಆತನ ವಿಜ್ಞಾನ ಬೆಳೆಯಿತು. ಮಿದುಳನ್ನು ಆತ ಮೂರು ಘಟಕಗಳಾಗಿ ನೋಡಿದ. ಒಂದು ನಮ್ಮನ್ನು ಎಚ್ಚರವಾಗಿಡುತ್ತದೆ. ಹಿಂಭಾಗದಲ್ಲಿರುವ ಎರಡನೆಯದು ಜಗತ್ತನ್ನು ಗ್ರಹಿಸಿ ಕೂಡಿಡುತ್ತದೆ. ಮುಂಭಾಗದ ಮೂರನೆಯದು ಕ್ರಿಯೆಯ ನಕ್ಷೆ ಹಾಕಿ, ನಡೆಸಿ, ತಾಳೆ ನೋಡುತ್ತದೆ. ಈ ಮೂರನೆಯದು ಕೆಟ್ಟವರ ಬಗ್ಗೆ ಆತ ಬರೆದಿಟ್ಟ ಚಿಕ್ಕ ಚಿಕ್ಕ ದೃಶ್ಯಗಳು ಒಮ್ಮೆ ಓದಿದರೆ ತಲೆಯಿಂದ ಹೋಗುವುದಿಲ್ಲ. ಮೇಣದ ಬತ್ತಿ ಹಚ್ಚು ಅಂದರೆ ರೋಗಿ ಸರಿಯಾಗಿಯೇ ಕಡ್ಡಿ ಗೀರುತ್ತಾನೆ, ಆಮೇಲೆ ಬತ್ತಿಯನ್ನು ಬಾಯಿಗಿಟ್ಟುಕೊಂಡು ಸಿಗರೇಟಿನಂತೆ ಸೇದಲು ನೋಡುತ್ತಾನೆ. ಕೈಗೂ ಕಡ್ಡಿಗೂ ಇರುವ ಹಳೆಯ ಸಲಿಗೆ, ಈಗ ಬೇಕಾದ ಕೆಲಸವನ್ನು ನುಂಗಿಹಾಕಿತು. ವೃತ್ತ ಬರಿ ಅಂದರೆ ಬರೆಯುತ್ತಾನೆ, ಚೌಕ ಬರಿ ಅಂದರೂ ವೃತ್ತವನ್ನೇ ಬರೆಯುತ್ತಾನೆ. ನನ್ನ ಕೈ ಒತ್ತು ಅಂದರೆ, ಒತ್ತಬೇಕು ಎಂದು ಬಾಯಲ್ಲಿ ಹೇಳುತ್ತಾನೆ, ಕೈ ಸುಮ್ಮನಿರುತ್ತದೆ.

ಕೊನೆಯದು ನನಗೆ ಮುಖ್ಯ. 1960ರ ದಶಕದಲ್ಲಿ ಮಾಂಟ್ರಿಯಲ್‌ನಲ್ಲಿ ಬ್ರೆಂಡಾ ಮಿಲ್ನರ್ ಇಂಥ ರೋಗಿಗಳ ಮುಂದೆ ಇಸ್ಪೀಟಿನಂಥ ಎಲೆಗಳನ್ನಿಟ್ಟು ಬಣ್ಣದ ಪ್ರಕಾರವೋ ಆಕಾರದ ಪ್ರಕಾರವೋ ಜೋಡಿಸಲು ಹೇಳಿದಾಗಲೂ ಇದೇ ಕಂಡಿತು. ನಿಯಮ ಬದಲಾದರೂ ಅವರು ಹಳೆಯ ನಿಯಮದಂತೆಯೇ ಎಲೆ ಇಡುತ್ತಿದ್ದರು. ಕೆಲವರು ‘ಇದು ತಪ್ಪು’ ಎಂದು ತಾವೇ ಹೇಳುತ್ತ ಇಡುತ್ತಿದ್ದರು. ತಿಳಿವು ಇದೆ, ಮಾತಿದೆ. ಆದರೆ ಮಾತಿಗೆ ಕೈಯ ಮೇಲಿದ್ದ ಅಧಿಕಾರ ಹೋಗಿದೆ.

ಮಾತಿಗೆ ಅಂಥ ಅಧಿಕಾರ ಬಂದದ್ದಾದರೂ ಹೇಗೆ? ಲೂರಿಯಾನ ಗೆಳೆಯ, ಗುರುವಿನಂತಿದ್ದ ವೈಗೋಟ್ಸ್ಕಿಯ ಪ್ರಕಾರ ಮೊದಲು ಅಮ್ಮ ಹೇಳುತ್ತಾಳೆ, ಮಗು ಮಾಡುತ್ತದೆ. ಆಮೇಲೆ ಮಗು ತಾನೇ ಗಟ್ಟಿಯಾಗಿ ಹೇಳಿಕೊಂಡು ಮಾಡುತ್ತದೆ. ಕೊನೆಗೆ ಆ ಮಾತು ಒಳಗಿಳಿದು, ಸದ್ದಿಲ್ಲದೆ, ಕ್ರಿಯೆಯನ್ನು ನಡೆಸುತ್ತದೆ. ಅಂದರೆ ನಾವು ‘ನನ್ನ ಇಚ್ಛೆ’ ಎಂದು ಕರೆಯುವುದು ಒಂದು ಕಾಲಕ್ಕೆ ಇನ್ನೊಬ್ಬರ ದನಿಯಾಗಿತ್ತು. ನಮ್ಮಲ್ಲಿ ಪೂಜೆಗೆ ಮೊದಲು ಸಂಕಲ್ಪ ಮಾಡಿಸುತ್ತಾರಲ್ಲ, ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ನಾನು ಇಂಥ ಗೋತ್ರದವನು, ಇಂಥದ್ದನ್ನು ಮಾಡುತ್ತೇನೆ ಎಂದು; ಅದೂ ಪುರೋಹಿತರು ಹೇಳಿಕೊಟ್ಟು ನಾವು ಹಿಂದಿನಿಂದ ಹೇಳುವ ಮಾತೇ. ವೈಗೋಟ್ಸ್ಕಿ ಇದನ್ನು ನೋಡಿದ್ದರೆ ಖುಷಿಪಡುತ್ತಿದ್ದ ಅನಿಸುತ್ತದೆ. ಈ ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವ ಆಸೆ ನನಗಿಲ್ಲ. ನಮ್ಮ ಪೂರ್ವಜರಿಗೆ ನರವಿಜ್ಞಾನ ಗೊತ್ತಿತ್ತು ಎಂದು ಹೇಳುವವರು ಈಗಾಗಲೇ ಸಾಕಷ್ಟಿದ್ದಾರೆ.

ಲೂರಿಯಾನ ಹೆಸರು ಸಾಹಿತ್ಯವಲಯದಲ್ಲಿ ಉಳಿದಿರುವುದು ಮಾತ್ರ ಬೇರೊಂದು ಪುಸ್ತಕದಿಂದ. ಝಸೆಟ್ಸ್ಕಿ ಎಂಬ ಸೈನಿಕ 1943ರಲ್ಲಿ ತಲೆಗೆ ಗುಂಡು ತಗುಲಿಸಿಕೊಂಡ. ಗಾಯವಾದದ್ದು ಮಿದುಳಿನ ಎಡಗಡೆ, ಹಿಂಭಾಗಕ್ಕೆ. ಜಗತ್ತು ಅವನಿಗೆ ಚೂರುಚೂರಾಯಿತು. ವಸ್ತುಗಳ ಬಲಭಾಗ ಕಾಣುವುದಿಲ್ಲ, ಓದು ಮರೆತುಹೋಗಿದೆ. ‘ಅಪ್ಪನ ಅಣ್ಣ’ ಅಂದರೆ ಯಾರು, ‘ಅಣ್ಣನ ಅಪ್ಪ’ ಅಂದರೆ ಯಾರು ಎಂಬ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ. ನಮ್ಮ ನೆಂಟಸ್ತಿಕೆಯ ಮನೆಯಲ್ಲಿ ಅವನು ಹುಟ್ಟಿದ್ದರೆ ಏನಾಗುತ್ತಿತ್ತೋ! ಅಕ್ಷರ ಅಕ್ಷರ ಯೋಚಿಸಿ ಬರೆಯಲು ಆಗದವನು, ಕೈಯನ್ನು ಎತ್ತದೆ ಒಂದೇ ಓಟದಲ್ಲಿ ಬರೆದರೆ ಬರೆಯಬಹುದು ಎಂದು ಕಂಡುಕೊಂಡ. ಬರೆದದ್ದನ್ನು ಓದಲು ಆಗುತ್ತಿರಲಿಲ್ಲ. ಹಾಗೆಯೇ ಇಪ್ಪತ್ತೈದು ವರ್ಷ, ಸುಮಾರು 3000 ಪುಟ ಬರೆದ. ಆ ದಿನಚರಿಗೆ ಲೂರಿಯಾ ತನ್ನ ಮಾತುಗಳನ್ನು ಹೆಣೆದು 1971ರಲ್ಲಿ ಪುಸ್ತಕ ಮಾಡಿದ. ಮರುವರ್ಷ ಇಂಗ್ಲಿಷಿಗೂ ಬಂತು.

ಇದನ್ನು ಮನುಷ್ಯನ ಛಲದ ಕಥೆಯೆಂದು ಓದುವುದು ವಾಡಿಕೆ. ಲೂರಿಯಾ ಮಾತ್ರ ಒಂದು ಅಂಗರಚನೆಯ ಸಂಗತಿಯನ್ನು ಸ್ಪಷ್ಟವಾಗಿ ಹೇಳುತ್ತಾನೆ: ಝಸೆಟ್ಸ್ಕಿಯ ಫ್ರಾಂಟಲ್ ಲೋಬುಗಳಿಗೆ ಏನೂ ಆಗಿರಲಿಲ್ಲ. ಆದ್ದರಿಂದಲೇ ಅವನಿಗೆ ತಾನು ಏನು ಕಳೆದುಕೊಂಡೆ ಎಂಬ ಅರಿವಿತ್ತು, ನಾಳೆ ಮತ್ತೆ ಕೂತು ಬರೆಯಬೇಕೆಂಬ ಸಂಕಲ್ಪವಿತ್ತು. ಈ ಸಂಗತಿಯನ್ನು ವಿಮರ್ಶಕರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅದು ಇಡೀ ಪ್ರಕಾರವನ್ನೇ ಅಲುಗಾಡಿಸುವ ಸಂಗತಿ. ಕಥೆ ಹೇಳುವುದೂ ಅಡುಗೆಯಂಥದ್ದೇ ತಾನೆ? ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು, ಅಡ್ಡ ಬಂದ ನೆನಪನ್ನು ತಡೆಯಬೇಕು, ಬಿಟ್ಟಲ್ಲಿಗೆ ವಾಪಸ್ ಬರಬೇಕು. ಲೂರಿಯಾ ತನ್ನ ರೋಗಿಗಳಿಗೆ ಚಿಕ್ಕ ಕತೆ ಓದಿ, ತಿರುಗಿ ಹೇಳಲು ಕೇಳುತ್ತಿದ್ದ. ಟಾಲ್‌ಸ್ಟಾಯ್ ಬರೆದ, ಚಿನ್ನದ ಮೊಟ್ಟೆ ಇಡುವ ಕೋಳಿಯ ಕತೆ ಅವನಿಗೆ ಪ್ರಿಯವಾದದ್ದು. ಫ್ರಾಂಟಲ್ ಲೋಬ್ ಕೆಟ್ಟವರು ಶುರುಮಾಡುತ್ತಿದ್ದರು, ಕೋಳಿಯಿಂದ ಇನ್ನೆಲ್ಲಿಗೋ ಹರಿದುಹೋಗುತ್ತಿದ್ದರು, ಮೊಟ್ಟೆಗೆ ಮರಳುತ್ತಿರಲಿಲ್ಲ. ಹಾಗಾದರೆ ಜಗತ್ತು ಚೂರಾದವನು ಪುಸ್ತಕ ಬರೆಯಬಲ್ಲ, ‘ಆಮೇಲೆ’ ಹೋದವನು ಬರೆಯಲಾರ. ಕುರುಡುತನದ ಬಗ್ಗೆ ಕುರುಡರು ಬರೆದಿದ್ದಾರೆ, ಪಾರ್ಶ್ವವಾಯುವಿನ ಬಗ್ಗೆ, ಮಾತು ಹೋದದ್ದರ ಬಗ್ಗೆ ಅದನ್ನು ಅನುಭವಿಸಿದವರೇ ಬರೆದಿದ್ದಾರೆ. ತೀವ್ರವಾದ ಫ್ರಾಂಟಲ್ ಗಾಯದ ಕಥೆ ಮಾತ್ರ ಸದಾ ಪಕ್ಕದಲ್ಲಿ ನಿಂತವರ ಬಾಯಲ್ಲಿ. ನಿರೂಪಕ ಯಾವಾಗಲೂ ಪರಕೀಯ. ಆ ಪರಕೀಯನಿಗೆ ಎದುರಿಗಿರುವವನ ಮೌನ ಖಾಲಿ ಹಾಳೆಯಂತೆ ಸಿಗುತ್ತದೆ, ತನಗೆ ತೋಚಿದ್ದನ್ನು ಬರೆಯುತ್ತಾನೆ.

ಎಷ್ಟರಮಟ್ಟಿಗೆ ಬರೆಯಬಹುದು ಎಂಬುದಕ್ಕೆ ಫಿನಿಯಸ್ ಗೇಜ್ ಸಾಕ್ಷಿ. ಮನಶ್ಶಾಸ್ತ್ರದ ಯಾವ ಪಠ್ಯಪುಸ್ತಕ ತೆರೆದರೂ ಅವನಿದ್ದಾನೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗೆ ಬಂಡೆ ಸಿಡಿಸುವಾಗ, ಮದ್ದು ತುಂಬುವ ಒಂದು ಮೀಟರಿಗೂ ಉದ್ದದ, ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ನುಗ್ಗಿ ನೆತ್ತಿಯಿಂದ ಹೊರಬಂತು. ಅವನಿಗೆ ಆಗ 25 ವರ್ಷ, ಕೆಲಸಗಾರರ ಮೇಸ್ತ್ರಿ. ಬದುಕಿದ. ಚಿಕಿತ್ಸೆ ಮಾಡಿದ ಡಾಕ್ಟರ್ ಜಾನ್ ಹಾರ್ಲೋ 1868ರಲ್ಲಿ, ಗೇಜ್ ಸತ್ತು ಎಂಟು ವರ್ಷವಾದ ಮೇಲೆ, ಅವನ ಸ್ವಭಾವ ಬದಲಾದ ಬಗ್ಗೆ ಬರೆದ. ಬಾಯಿಹರುಕ, ಚಂಚಲ, ಹಟಮಾರಿ ಆದ. ಯೋಜನೆ ಹಾಕುತ್ತಾನೆ, ಹಾಕಿದ ಕ್ಷಣವೇ ಬಿಡುತ್ತಾನೆ. ಗೆಳೆಯರಿಗೆ ಅವನು ಹಳೆಯ ಗೇಜ್ ಅನ್ನಿಸಲಿಲ್ಲ. ಬುದ್ಧಿಗೂ ಮೃಗಪ್ರವೃತ್ತಿಗೂ ಇದ್ದ ಸಮತೋಲ ತಪ್ಪಿತು ಅನ್ನುವುದು ಹಾರ್ಲೋನ ವಿವರಣೆ. ಆ ಕಾಲದ ಕಪಾಲಶಾಸ್ತ್ರದ ಭಾಷೆ ಅದು.

ಈ ಕೆಲವೇ ಸಾಲುಗಳ ಮೇಲೆ ನೂರೈವತ್ತು ವರ್ಷದ ಪುರಾಣ ಕಟ್ಟಿತು. ಗೇಜ್ ಕುಡುಕನಾದ, ಅಲೆಮಾರಿಯಾದ, ಸುಳ್ಳುಗಾರನಾದ, ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಆಸ್ಟ್ರೇಲಿಯಾದ ಮಾಲ್ಕಮ್ ಮೆಕ್‌ಮಿಲನ್ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪ್ರತಿಯೊಂದು ವಿಶೇಷಣದ ಮೂಲ ಹುಡುಕಿಕೊಂಡು ಹೋದ. ಬಹುತೇಕ ಕಡೆ ಮೂಲವೇ ಇರಲಿಲ್ಲ. ಇದ್ದ ದಾಖಲೆ ಹೇಳಿದ್ದು ಬೇರೆಯೇ: ಗೇಜ್ 1852ರಲ್ಲಿ ಚಿಲಿ ದೇಶಕ್ಕೆ ಹೋಗಿ, ಹಲವು ವರ್ಷ ಕುದುರೆ ಕೋಚು ಓಡಿಸಿಕೊಂಡಿದ್ದ. ಹೊತ್ತಿಗೆ ಸರಿಯಾಗಿ ಎದ್ದು, ಕುದುರೆಗಳನ್ನು ಸಜ್ಜುಮಾಡಿ, ಪ್ರಯಾಣಿಕರನ್ನು ಹತ್ತಿಸಿಕೊಂಡು, ಏರಿಳಿವಿನ ದಾರಿಯಲ್ಲಿ ಲಗಾಮು ಹಿಡಿಯುವ ಕೆಲಸ. ಅಡುಗೆಗಿಂತ ಕಡಿಮೆಯದಲ್ಲ. ಕೋಚಿನ ವೇಳಾಪಟ್ಟಿಯ ಕಟ್ಟುನಿಟ್ಟೇ ಅವನ ಮುರಿದ ಲೋಬಿಗೆ ಊರುಗೋಲಾಗಿರಬಹುದು, ಅವನು ಬಹಳಷ್ಟು ಚೇತರಿಸಿಕೊಂಡಿರಬಹುದು ಎಂಬುದು ಮೆಕ್‌ಮಿಲನ್ ವಾದ. 2009ರಲ್ಲಿ ಗೇಜ್‌ನ ಫೋಟೋ ಒಂದು ಬೆಳಕಿಗೆ ಬಂತು. ಒಂದು ಕಣ್ಣು ಮುಚ್ಚಿದೆ, ನೀಟಾಗಿ ಕೋಟು ಹಾಕಿದ್ದಾನೆ, ಸಲಾಕೆಯನ್ನು ಕೈಯಲ್ಲಿ ಹಿಡಿದಿದ್ದಾನೆ. ಪಠ್ಯಪುಸ್ತಕದ ಪೋಲಿ ಆ ಫೋಟೋದಲ್ಲಿಲ್ಲ.

ಹಾರ್ಲೋನನ್ನು ನಾನು ಪೂರ್ತಿ ದೂರುವುದಿಲ್ಲ. ಯೋಜನೆ ಹಾಕಿ ಬಿಡುತ್ತಾನೆ ಎಂಬ ಮಾತಿನಲ್ಲಿ ಅವನು ರೂತ್‌ಳ ಅಡುಗೆಮನೆಯ ಹತ್ತಿರವೇ ಬಂದಿದ್ದ. ಆದರೆ ಯಾವ ಯೋಜನೆ, ಎಲ್ಲಿ ಬಿಟ್ಟ, ಬಿಟ್ಟಾಗ ಏನಾಯಿತು, ಒಂದನ್ನೂ ಹೇಳಲಿಲ್ಲ. ವಿಶೇಷಣಗಳನ್ನು ಪೇರಿಸಿದ. ಪೇರಿಸಿದ ವಿಶೇಷಣಕ್ಕೆ ಇನ್ನೊಂದನ್ನು ಸೇರಿಸುವುದು ಮುಂದಿನವರಿಗೆ ಬಹಳ ಸುಲಭ. ‘ಸಲಾಡ್ ಸಿದ್ಧವಾಗಿರಲಿಲ್ಲ’ ಅನ್ನುವುದಕ್ಕೆ ಯಾರೂ ಏನನ್ನೂ ಸೇರಿಸಲಾರರು.

ವಿಶೇಷಣಗಳು ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ. ನನ್ನ ದೊಡ್ಡಪ್ಪನ ಮಗ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದವನು. ಬೈಕ್ ಅಪಘಾತದಲ್ಲಿ ಹಣೆಗೆ ಪೆಟ್ಟು ಬಿದ್ದು, ಮೂರು ತಿಂಗಳಲ್ಲಿ ಎದ್ದು ಓಡಾಡತೊಡಗಿದ. ನೋಡಿದವರೆಲ್ಲ ಪೂರ್ತಿ ಗುಣವಾಯಿತು ಅಂದರು. ಅಂಗಡಿ ಮಾತ್ರ ನಡೆಯಲಿಲ್ಲ. ನಾಲ್ಕು ಮೋಟಾರು ಬಿಚ್ಚಿಟ್ಟು ಒಂದನ್ನೂ ಮುಗಿಸದೆ ಕೂತಿರುತ್ತಿದ್ದ. ಮನೆಯಲ್ಲಿ ಒಂದೊಂದೇ ಮಾತು ಹುಟ್ಟಿಕೊಂಡಿತು: ಸೋಮಾರಿ, ಜವಾಬ್ದಾರಿ ಇಲ್ಲ, ಕೂತು ತಿನ್ನೋದು ಅಭ್ಯಾಸ ಆಯ್ತು. ದೊಡ್ಡಮ್ಮ ಎಲ್ಲದಕ್ಕೂ ಹಣೆಬರಹ ಅನ್ನುತ್ತಿದ್ದರು. “ಏನು ಮಾಡ್ಬೇಕು ಅಂತ ಕೇಳಿದ್ರೆ ಎಲ್ಲಾ ಸರಿಯಾಗೇ ಹೇಳ್ತಾರೆ ಕಣೇ, ಮಾಡೋದಷ್ಟೇ ಇಲ್ಲ” ಎಂದು ಅತ್ತಿಗೆ ನನಗೆ ಹೇಳಿದಾಗ ನಾನಿನ್ನೂ ಲೂರಿಯಾನನ್ನು ಓದಿರಲಿಲ್ಲ. ಇಡೀ ಮನೆಯಲ್ಲಿ ವಿಶೇಷಣ ಬಳಸದೆ ಸಂಗತಿಯನ್ನು ಹೇಳಿದವರು ಅವರೊಬ್ಬರೇ. ಮಧ್ಯಾಹ್ನದ ಕೆಲಸ ಮುಗಿಸಿ ಅವರು ಅಂಗಡಿಯಲ್ಲಿ ಪಕ್ಕ ಕೂತು “ಇದಾಯ್ತಲ್ಲ, ಈಗ ವಾರ್ನಿಷ್ ಹೊಡೀರಿ” ಎಂದು ಹೇಳುತ್ತ ಹೋದರೆ ಮೋಟಾರು ಮುಗಿಯುತ್ತಿತ್ತು. ಅಣ್ಣನ ಕೈಗೆ ಏನೂ ಮರೆತಿರಲಿಲ್ಲ.

ಸ್ವಭಾವ ಅಂದರೆ ಯಾವಾಗಲೂ ಬೈಗುಳವಾಗಬೇಕಿಲ್ಲ, ಹೊಗಳಿಕೆಯೂ ಆಗಬಹುದು. ಅದರಿಂದಾಗುವ ಹಾನಿ ಇನ್ನೂ ಭಯಾನಕ. ಒಲಿವರ್ ಸ್ಯಾಕ್ಸ್ 1992ರಲ್ಲಿ ಪ್ರಕಟಿಸಿದ ‘ದ ಲಾಸ್ಟ್ ಹಿಪ್ಪಿ’ ಎಂಬ ಕಥನದ ನಾಯಕ ಗ್ರೆಗ್ ನ್ಯೂಯಾರ್ಕಿನ ಹುಡುಗ. ಅರವತ್ತರ ದಶಕದ ಕೊನೆಯಲ್ಲಿ ಮನೆ ಬಿಟ್ಟು ಹರೇಕೃಷ್ಣ ಪಂಥ ಸೇರಿದ. ಕಣ್ಣು ಮಂಜಾಗುತ್ತ ಬಂತು. ಒಳಗಿನ ಬೆಳಕು ಹೆಚ್ಚುತ್ತಿದೆ ಎಂದು ಅಲ್ಲಿನ ಹಿರಿಯರು ವಿವರಿಸಿದರು. ಅವನ ಚಡಪಡಿಕೆ ಅಡಗಿತು, ಮುಖದಲ್ಲಿ ಅಲುಗದ ಪ್ರಶಾಂತಿ ಬಂತು. ಅವನೊಬ್ಬ ಸಂತನಾಗುತ್ತಿದ್ದಾನೆ ಎಂದು ಸುತ್ತಲಿನವರು ಗೌರವದಿಂದ ನೋಡಿದರು. ವರ್ಷಗಟ್ಟಲೆ ನೋಡದಿದ್ದ ತಂದೆತಾಯಿ 1975ರಲ್ಲಿ ಹೋಗಿ ನೋಡಿದಾಗ ಮಗ ಪೂರ್ತಿ ಕುರುಡನಾಗಿದ್ದ. ಮಿದುಳಲ್ಲಿ ದೊಡ್ಡ ಗಡ್ಡೆ ಬೆಳೆದು ದೃಷ್ಟಿಯ ನರಗಳನ್ನೂ ಫ್ರಾಂಟಲ್ ಲೋಬುಗಳನ್ನೂ ಹೊಸ ನೆನಪು ಕೂಡಿಡುವ ಭಾಗವನ್ನೂ ಹಾಳುಮಾಡಿತ್ತು.

ಇದನ್ನು ಕನ್ನಡದಲ್ಲಿ ಓದಿಕೊಂಡರೆ ನಮಗೆ ಆಗುವ ಇರುಸುಮುರುಸೇ ಬೇರೆ. ನಿರ್ಲಿಪ್ತ, ಸ್ಥಿತಪ್ರಜ್ಞ, ಅವಧೂತ ಎಂಬ ಮಾತುಗಳು ನಮ್ಮಲ್ಲಿ ಎಷ್ಟು ಸಿದ್ಧವಾಗಿ ಕೂತಿವೆ! ಏನನ್ನೂ ಬಯಸದವನನ್ನು, ನಾಳೆಯ ಚಿಂತೆ ಇಲ್ಲದವನನ್ನು ಕಂಡರೆ ನಾವು ಕೈ ಮುಗಿಯುತ್ತೇವೆ. ಬಯಕೆಯನ್ನು ತಡೆದವನೂ ಬಯಸುವ ಶಕ್ತಿಯೇ ಹೋದವನೂ ಹೊರಗಿನಿಂದ ಒಂದೇ ಥರ ಕಾಣಬಹುದು. ಬೇರೆ ಮಾಡಿ ನೋಡುವ ದಾರಿ ಅವರ ಮುಖದಲ್ಲಿಲ್ಲ, ಅವರು ಮಾಡುವ ಕೆಲಸದಲ್ಲಿದೆ. ಕೆಲಸ ಶುರುಮಾಡಬಲ್ಲನೇ, ನಡುವೆ ನಿಲ್ಲಿಸಬಲ್ಲನೇ, ಮತ್ತೆ ಹಿಡಿಯಬಲ್ಲನೇ? ಯಾರೂ ಗ್ರೆಗ್‌ಗೆ ಒಂದು ಅಡುಗೆ ಮಾಡಲು ಹೇಳಿ ನೋಡಿದ್ದರೆ ಬೇಗ ಗೊತ್ತಾಗುತ್ತಿತ್ತೇನೋ.

ಸ್ಯಾಕ್ಸ್ ದೊಡ್ಡ ಲೇಖಕ, ಲೂರಿಯಾನನ್ನು ಗುರುವೆಂದು ನಂಬಿದವನು. ಆದರೂ ಈ ಕಥನದ ಕೊನೆಯ ಬಗ್ಗೆ ನನಗೆ ತಕರಾರಿದೆ. 1991ರಲ್ಲಿ ಆತ ಗ್ರೆಗ್‌ನನ್ನು ಅವನ ಹದಿಹರೆಯದ ನೆಚ್ಚಿನ ‘ಗ್ರೇಟ್‌ಫುಲ್ ಡೆಡ್’ ತಂಡದ ಸಂಗೀತ ಕಛೇರಿಗೆ ಕರೆದೊಯ್ಯುತ್ತಾನೆ. ಗ್ರೆಗ್ ಹಳೆಯ ಹಾಡುಗಳಿಗೆ ಜೀವ ಬಂದಂತೆ ಸ್ಪಂದಿಸುತ್ತಾನೆ, ಮರುದಿನ ಬೆಳಗ್ಗೆ ಅವನಿಗೆ ಅದ್ಯಾವುದೂ ನೆನಪಿಲ್ಲ. ಎಂಥ ಓದುಗನಿಗೂ ಗಂಟಲು ಕಟ್ಟುತ್ತದೆ. ನನಗೂ ಕಟ್ಟಿತು. ಆದರೆ ಆ ಕಥೆಯ ಏರು, ಶಿಖರ, ಇಳಿತ ಎಲ್ಲ ಸ್ಯಾಕ್ಸ್‌ನ ಫ್ರಾಂಟಲ್ ಲೋಬಿನದ್ದು. ಗ್ರೆಗ್‌ಗೆ ಅದು ಕಥೆಯಾಗಿ ಘಟಿಸಲೇ ಇಲ್ಲ. ಭಕ್ತರು ಅವನ ಮೇಲೆ ಸಂತತನವನ್ನು ಹೊದಿಸಿದರು, ಲೇಖಕ ವಿಷಾದವನ್ನು ಹೊದಿಸಿದ. ಎರಡನೆಯದು ಪ್ರೀತಿಯಿಂದ ಆದದ್ದು ನಿಜ, ಆದರೂ ಹೊದಿಕೆ ಹೊದಿಕೆಯೇ.

ವಿಶೇಷಣಗಳ ಬಗ್ಗೆ ನಾನು ಇಷ್ಟು ಹಟ ಹಿಡಿಯಲು ಇತಿಹಾಸದ ಕಾರಣವೂ ಇದೆ. ಪೆನ್‌ಫೀಲ್ಡನ ಪ್ರಬಂಧ ಬಂದ ಅದೇ 1935ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್ ಮಾನಸಿಕ ರೋಗಿಗಳ ಫ್ರಾಂಟಲ್ ಲೋಬಿನ ಸಂಪರ್ಕಗಳನ್ನು ಕಡಿಯುವ ಶಸ್ತ್ರಚಿಕಿತ್ಸೆ ಶುರುಮಾಡಿದ. ಮರುವರ್ಷ ವಾಲ್ಟರ್ ಫ್ರೀಮನ್ ಮತ್ತು ಜೇಮ್ಸ್ ವಾಟ್ಸ್ ಅದನ್ನು ಅಮೆರಿಕಕ್ಕೆ ತಂದರು. 1949ರಲ್ಲಿ ಮೊನಿಜ್‌ಗೆ ನೊಬೆಲ್ ಬಂತು. ಆ ಕಾಲದಲ್ಲಿ ಫಲಿತಾಂಶ ದಾಖಲಾಗುತ್ತಿದ್ದ ಭಾಷೆ ಹೆಚ್ಚಾಗಿ ಸ್ವಭಾವದ ಭಾಷೆ: ಶಾಂತರಾದರು, ಗಲಾಟೆ ನಿಂತಿತು, ಮನೆಗೆ ಕಳಿಸಬಹುದು. ಮನೆಗೆ ಹೋದವಳು ಐದು ಜನಕ್ಕೆ ಅಡುಗೆ ಮಾಡಬಲ್ಲಳೇ ಎಂದು ಹೋಗಿ ನೋಡಿದ್ದರೆ ಆ ‘ಶಾಂತಿ’ಗೆ ಬೇರೆ ಹೆಸರು ಬೇಗ ಸಿಗುತ್ತಿತ್ತು.

ಕೆಲಸವನ್ನು ನೋಡುವ ಕ್ರಮ ವಿಜ್ಞಾನದೊಳಗೆ ಬಹಳ ತಡವಾಗಿ ಗಟ್ಟಿಯಾಯಿತು. 1991ರಲ್ಲಿ ಟಿಮ್ ಶಾಲಿಸ್ ಮತ್ತು ಪಾಲ್ ಬರ್ಜೆಸ್ ತಲೆಗೆ ಪೆಟ್ಟುಬಿದ್ದ ಮೂವರನ್ನು ಪರೀಕ್ಷಿಸಿದರು. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಅವರಿಗೆ ಒಳ್ಳೆಯ ಅಂಕವೇ ಬರುತ್ತಿತ್ತು. ವೈದ್ಯರ ಮೇಜಿನ ಎದುರು ಅವರಲ್ಲಿ ಏನೂ ಕೊರತೆ ಕಾಣಲಿಲ್ಲ. ಏಕೆಂದರೆ ಅಲ್ಲಿ ‘ಈಗ ಇದು ಮಾಡಿ, ಈಗ ಅದು ಮಾಡಿ’ ಎಂದು ಹೇಳುವ ಪರೀಕ್ಷಕನೇ ಅವರ ಫ್ರಾಂಟಲ್ ಲೋಬ್ ಆಗಿರುತ್ತಾನೆ. ಅವರನ್ನು ಅಂಗಡಿ ಬೀದಿಗೆ ಕಳಿಸಿ, ಕೆಲವು ಸಾಮಾನು ತರಲು, ಕೆಲವು ಮಾಹಿತಿ ತಿಳಿಯಲು, ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ಬರಲು, ಕೆಲವು ನಿಯಮ ಮುರಿಯದಿರಲು ಹೇಳಿದಾಗ ಎಲ್ಲ ಕಲಸುಮೇಲೋಗರವಾಯಿತು. ಸಂತೆಗೆ ಹೋಗಿ ಬರುವುದೇ ಪರೀಕ್ಷೆ!

ಮತ್ತೆ ಪೆನ್‌ಫೀಲ್ಡನ ಪ್ಯಾರಾಕ್ಕೆ ಬಂದರೆ, ಅದನ್ನು ಹೊಗಳುತ್ತಲೇ ಒಂದು ಖಾಲಿ ಜಾಗವನ್ನು ತೋರಿಸಬೇಕು. ಆ ಸಂಜೆಯ ಬಗ್ಗೆ ರೂತ್ ಏನು ಹೇಳಿದಳು ಎಂಬುದಿಲ್ಲ. ತಮ್ಮನ ಮುಂದೆ ಅರ್ಧ ಅಡುಗೆಯೊಂದಿಗೆ ನಿಂತ ಅಕ್ಕನ ಕಂಗಾಲು ಒಂದೇ ಪದದಲ್ಲಿ ಮುಗಿದಿದೆ. ಲೋಬ್ ತೆಗೆದ ಕೈ ತನ್ನದೇ ಎಂಬ ಅಳುಕು ಬಾಗಿಲಲ್ಲಿ ನಿಂತ ತಮ್ಮನಿಗೆ ಆಯಿತೇ ಎಂಬುದಕ್ಕೂ ಜಾಗವಿಲ್ಲ, ಡಬ್ಲ್ಯು. ಪಿ. ಎಂಬ ಎರಡಕ್ಷರವೇ ಅದೆಲ್ಲವನ್ನೂ ಹೊತ್ತಿದೆ. ಈ ಸಂಯಮವನ್ನು ನಾನು ಮೆಚ್ಚುತ್ತೇನೆ. ಆದರೆ ಇನ್ನೊಂದು ಮೌನವಿದೆ, ಅದನ್ನು ಮೆಚ್ಚಲಾರೆ. ನೆರವಿನಿಂದ ಅಡುಗೆ ಬೇಗ ಮುಗಿಯಿತು ಎಂದಿದೆ. ನೆರವಾದದ್ದು ಯಾರು? ಮಗಳೇ, ನೆರೆಯವಳೇ, ಮನೆಗೆಲಸದವಳೇ, ತಮ್ಮನೇ? ಆಕೆಗೆ ಏನೆಂದು ಹೇಳಿಕೊಟ್ಟರು, ಪಕ್ಕದಲ್ಲಿ ನಿಂತು ‘ಈಗ ಇದು’ ಅಂದರೇ, ಅಥವಾ ಆಕೆಯನ್ನು ಕೂರಿಸಿ ತಾವೇ ಮಾಡಿದರೇ? ರೋಗಿ ಕಳೆದುಕೊಂಡದ್ದನ್ನು 1935ರ ಆ ಪುಟ ಇಂಚಿಂಚೂ ಬರೆದಿಟ್ಟಿದೆ. ಆ ಹೊತ್ತು ಆಕೆಯ ಫ್ರಾಂಟಲ್ ಲೋಬಾಗಿ ನಿಂತವರು ಯಾರು, ಅವರು ಬಾಯಿಬಿಟ್ಟು ಹೇಳಿದ ಮಾತುಗಳು ಯಾವುವು ಎಂಬುದು ಬರವಣಿಗೆಗೆ ಬಂದಿಲ್ಲ. ನನ್ನ ಅಧ್ಯಾಯದ ಮುಂದಿನ ಭಾಗಕ್ಕೆ ನಾನೀಗ ಓದುತ್ತಿರುವುದು ರೋಗಿಗಳ ಹೆಂಡತಿಯರು, ತಾಯಂದಿರು ಹೇಳಿದ್ದನ್ನು ಬರೆದಿಟ್ಟುಕೊಂಡ ಟಿಪ್ಪಣಿಗಳನ್ನು. ಅವುಗಳಲ್ಲಿ ವಾಕ್ಯಗಳು ಚಿಕ್ಕವಾಗಿರುತ್ತವೆ, ಹೆಚ್ಚಿನವು ‘ಆಮೇಲೆ’ ಎಂದು ಶುರುವಾಗುತ್ತವೆ.